ಇಪ್ಪತ್ತನೆಯ ಬಿಲ್ಲು

ಮಾರ್ಚ್ 3, ಭಾನುವಾರ, ಬೆಳಗ್ಗೆ 7.10

ಹನ್ನೊಂದು ಬಿಲ್ಲು ಒರೆಸಿ ಆಯಿತು. ಹನ್ನೆರಡನೆಯದರ ತುದಿಗೂ ಗೋಡೆಗೂ ನಡುವೆ ಜೇಡವೊಂದು ಸಂಸಾರ ಹೂಡಿದೆ, ಒಂದೇ ವಾರದಲ್ಲಿ. ಬಿಡಿಸಲು ಮನಸ್ಸು ಬರಲಿಲ್ಲ. ಬಿಡಿಸಿದೆ. ಪರದೆ ಎಳೆದೇ ಇದೆ. ಬಿಸಿಲು ಬಿದ್ದರೆ ಪದರಗಳ ನಡುವಿನ ಅಂಟು ಸಡಿಲವಾಗುತ್ತದೆ. ಎಲ್ಲದರ ಹೆದೆಯೂ ಇಳಿಸಿದೆ. ಯಾವುದನ್ನೂ ಮೂಲೆಗೆ ಒರಗಿಸಿಲ್ಲ, ಒರಗಿಸಿದರೆ ತಿರುಚಿಕೊಳ್ಳುತ್ತವೆ. ಎರಡೆರಡು ಮರದ ಗೂಟ, ಮೇಲೆ ಅಡ್ಡಲಾಗಿ ಒಂದೊಂದು. ತುದಿ ಹೊರಕ್ಕೆ ಹೊರಳಿದ ಹತ್ತೊಂಬತ್ತು ಹಳೆಯ ರಿಕರ್ವ್ ಬಿಲ್ಲು. ನನಗಿಂತ ಹಿರಿಯವು, ಇಲ್ಲವೇ ಓರಗೆಯವು.

ಇವಳು ಬಾಗಿಲಲ್ಲಿ ನಿಂತು, “ಇಪ್ಪತ್ತನೇ ಸವತಿ ಇವತ್ತೇ ಬರೋದಾ? ಹೇಳಿ, ಮಂಚದಿಂದ ನಾನು ಕೆಳಗಿಳೀತೀನಿ” ಅಂದಳು. ಮೂವತ್ತು ವರ್ಷದಿಂದ ಇದೇ ಜೋಕು, ಸವತಿಯ ನಂಬರು ಮಾತ್ರ ಏರುತ್ತಿದೆ.

ಮಧ್ಯಾಹ್ನ 3

ಇಪ್ಪತ್ತನೆಯದನ್ನು ಮನೆಗೆ ತಂದೆ. ಮುಚ್ಚಿಹೋಗುತ್ತಿರುವ ಆಟದ ಸಾಮಾನಿನ ಅಂಗಡಿ, ಅದರ ಅಟ್ಟ. ಹರಿದ ಟೆನಿಸ್ ನೆಟ್ಟಿನಲ್ಲಿ ಸುತ್ತಿ ಬಿಸಾಕಿದ್ದರು. ಬಿಚ್ಚಿದೆ.

ಹಿಡಿ ಕಪ್ಪುಗೆಂಪು ಮರದ್ದು, ಅಂಗೈಗೆ ಕೂರುವ ಜಾಗದಲ್ಲಿ ಕೊಂಚ ತಗ್ಗು. ಮೇಲಿನ ತೋಳು, ಕೆಳಗಿನ ತೋಳು, ಎರಡೂ ಬಿಳಿ ಫೈಬರ್ ಗ್ಲಾಸ್ ಹೊದ್ದಿವೆ. ಅಂಚಿನಿಂದ ನೋಡಿದರೆ ನಡುವೆ ಮೂರು ಪದರ ಮರ, ಒಂದೊಂದೂ ಉಗುರಿಗಿಂತ ತೆಳು. ತುದಿಗೆ ಹೋಗುತ್ತಾ ಇನ್ನೂ ತೆಳುವಾಗುತ್ತವೆ. ಮೆಷಿನ್ನಿನ ಕೆಲಸವಲ್ಲ, ಉಜ್ಜಿ ಉಜ್ಜಿ ತಂದದ್ದು. ಹೆದೆ ಕೂರುವ ಕಚ್ಚುಗಳು ಎಡಕ್ಕೊಂದು ಓರೆ, ಬಲಕ್ಕೊಂದು ಓರೆ. ಹೆಬ್ಬೆರಳಿನ ತಗ್ಗು ಅಗತ್ಯಕ್ಕಿಂತ ಅಗಲ. ಮಾಡಿದವನ ಹೆಬ್ಬೆರಳು ದಪ್ಪವಿದ್ದಿರಬೇಕು! ತನ್ನ ಕೈಯನ್ನೇ ಅಳತೆಗೆ ಇಟ್ಟುಕೊಂಡಿದ್ದಾನೆ ಪುಣ್ಯಾತ್ಮ.

ಕೆಳಗಿನ ತೋಳಿನ ಒಳಮೈಯಲ್ಲಿ ಶಾಯಿಯಿಂದ ಅವನ ಕೈಬರಹ: 62 ಅಂಗುಲ, ಎಳೆತ 42 ಪೌಂಡು, ನಂಬರ್ 117. ಏಳರ ಕಾಲು ಉದ್ದಕ್ಕೆ ಎಳೆದು ಬಿಟ್ಟಿದ್ದಾನೆ. ಹೆಸರಿಲ್ಲ. ಅರ್ಧ ಗಂಟೆ ಆ ಏಳನ್ನೇ ನೋಡುತ್ತಾ ಕೂತಿದ್ದೆ.

ಮಾರ್ಚ್ 5, ಮಂಗಳವಾರ

ಹಲ್ಲುಸೆಟ್ಟಿನ ಲ್ಯಾಬಿನಲ್ಲಿ ಎರಡು ಫುಲ್ ಸೆಟ್. ಹೋದ ತಿಂಗಳು ಮಾಡಿದ್ದೊಂದು ಕೆಳಸೆಟ್ಟು ವಾಪಸ್ ಬಂದಿದೆ. ಒಳಗೆ ಎಲ್ಲೋ ಚೂಪು ಉಳಿದು ಹಾಕಿಕೊಂಡ ಅಜ್ಜಿಯ ಒಸಡು ಹುಣ್ಣಾಗಿದೆಯಂತೆ. ಅಚ್ಚಿನ ಪ್ಲಾಸ್ಟರ್ ಸರಿ ಇರಲಿಲ್ಲ ಅಂದೆ. ಡಾಕ್ಟರ್ ಒಪ್ಪಿದರು, ಪಾಪ. ಚಿಕ್ಕವರು, ಅವರ ಅಪ್ಪನ ಕಾಲದಿಂದ ಇರುವವನಿಗೆ ಏನಂತ ಹೇಳುತ್ತಾರೆ.

ಮಾರ್ಚ್ 9, ಶನಿವಾರ, ಸಂಜೆ 5

ಇಪ್ಪತ್ತನೆಯದನ್ನು ಪಾಸ್ ಮಾಡಿದೆ.

ಐದು ಸಲ ಮೇಲಿಂದ ಕೆಳಗೆ, ಐದು ಸಲ ಕೆಳಗಿಂದ ಮೇಲೆ. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು. ಎಲ್ಲೂ ಏನೂ ತಡೆಯಲಿಲ್ಲ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಬೆರಳಿಗೆ ಸಿಗುತ್ತದೆ. ಉಳಿದವರು ಹತ್ತಿಯ ಉಂಡೆ ಸವರುತ್ತಾರೆ, ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ ಅಂತ. ಹತ್ತಿ ಇರುವುದು ಕಿವಿಗೆ. ಈಚೆಗೆ ಗುಂಪಿನವರು ತೋರಿಸಲು ತಂದ ಬಿಲ್ಲುಗಳೆಲ್ಲ ಒಂದಕ್ಕಿಂತ ಒಂದು ನುಣುಪು. ಅದೃಷ್ಟ.

ಮೇಲಿನ ತುದಿಗೆ ಕೆಂಪು ದಾರ ಕಟ್ಟಿದೆ. ಪೋಸ್ಟ್‌ಮಾಸ್ಟರರ ಗದ್ದ ಸೀಳಿಹೋದಂದಿನಿಂದ ನಮ್ಮ ಬಿಲ್ಲುಗಾರರ ಗುಂಪಿನಲ್ಲಿ ಇದು ರೂಢಿ. ಹಳೇ ಬಿಲ್ಲು ಪೂರಾ ಎಳೆದಾಗ ಮುರಿದು ಚೂರು ಮುಖಕ್ಕೆ ಹೊಡೆದಿತ್ತು. ಕಣ್ಣು ತಪ್ಪಿದ್ದು ನಾಲ್ಕೇ ಬೆರಳಿನ ಅಂತರದಲ್ಲಿ. ಅಲ್ಲಿಂದ ಮುಂದೆ ನನ್ನ ಕೆಂಪು ದಾರವಿಲ್ಲದ ಹಳೇ ಬಿಲ್ಲನ್ನು ಯಾರೂ ಎಳೆಯುವುದಿಲ್ಲ. ಬೆರಳಪ್ಪ ಅನ್ನುತ್ತಾರೆ ನನ್ನನ್ನು. ತಮಾಷೆಗೇ ಅನ್ನುತ್ತಾರೆ, ಆದರೂ ಪ್ರತಿ ಸಲ ಎದೆ ಅರ್ಧ ಅಂಗುಲ ಉಬ್ಬುತ್ತದೆ. ಸುಳ್ಳು ಯಾಕೆ ಹೇಳಲಿ.

ಸಂಜೆ 7

ತಂಗಿಗೆ ಇವತ್ತಿಗೆ ಐವತ್ತು ತುಂಬಿತು. ಸ್ಕೂಲಿನಲ್ಲಿ ಡ್ರಿಲ್ ಟೀಚರು, ಭುಜ ನನಗಿಂತ ಗಟ್ಟಿ. ಬಿಲ್ಲುಗಳನ್ನು ನೋಡಲು ಬಂದವಳು ಇಪ್ಪತ್ತನೆಯದನ್ನು ಕೈಗೆ ತಗೊಂಡು ಇಳಿಸಲೇ ಇಲ್ಲ.

“ಇದರ ಹಿಡಿ ನನ್ನ ಕೈಗೆ ಅಂತಾನೇ ಮಾಡಿದಂಗಿದೆ ಕಣೋ ಅಣ್ಣ.”

“ತಗೊಂಡು ಹೋಗು” ಅಂದುಬಿಟ್ಟೆ.

ಒಳಗಿನಿಂದ ಇವಳು ಓಡಿ ಬಂದಳು, ಜ್ವರವೇನಾದರೂ ಇದೆಯಾ ಅಂತ ಹಣೆ ಮುಟ್ಟಿ ನೋಡಲು. ಗೋಡೆಯಿಂದ ಒಂದೂ ಬಿಲ್ಲು ಯಾರಿಗೂ ಕೊಟ್ಟವನಲ್ಲ ನಾನು. ತಂಗಿಯ ಕಣ್ಣು ತುಂಬಿತು. ಮೂವತ್ತೊಂದಕ್ಕೆ ಹಳೇ ಬಿಲ್ಲುಗಳ ಪಂದ್ಯ. ಇದರಲ್ಲೇ ಬಿಡುತ್ತಾಳಂತೆ, ಅರವತ್ತು ಬಾಣ.

ಮಾರ್ಚ್ 12, ಮಂಗಳವಾರ, ಮಧ್ಯಾಹ್ನ 1.30

ಬರೆಯುತ್ತಾ ಕೂತರೆ ಗಾಬರಿ ಇಳಿಯಬಹುದು.

ಬೆಳಗ್ಗೆ ಸ್ಪಿರಿಟ್ ದೀಪದ ಮುಂದೆ ಮೇಣ ಕಾಯಿಸುತ್ತಿದ್ದೆ. ಡಾಕ್ಟರ್ ಯಾವುದೋ ಅಚ್ಚು ಹಿಡಿದು ಒಳಗೆ ಬಂದರು. “ಏನೋ ಸುಡ್ತಿದೆಯಲ್ರೀ” ಅಂದರು. ಮೂಗು ಏರಿಸಿ ಅತ್ತಿತ್ತ ನೋಡಿದರು. ಆಮೇಲೆ ಕೂಗಿದರು — “ಕೈ! ಕೈ ತೆಗೀರಿ! ನಿಮ್ಮ ಬೆರಳು!”

ಕಾದ ಚಾಕುವಿನ ಬೆನ್ನಿಗೆ ತೋರುಬೆರಳು ಅಂಟಿಕೊಂಡಿತ್ತು. ಚರ್ಮ ಬೆಳ್ಳಗಾಗಿತ್ತು. ನನಗೆ ಏನೂ ಆಗಿರಲಿಲ್ಲ. ಏನೂ ಅಂದರೆ ಏನೂ.

“ಯೋಚನೇಲಿದ್ದೆ” ಅಂತ ನಕ್ಕೆ.

ಸಂಜೆ 4

ಡಾಕ್ಟರ್ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂದಲಿನ ಪರೀಕ್ಷೆ ಮಾಡಿದೆ.

ನನಗೆ ಕಸುಬು ಕಲಿಸಿದ ಗುರುಗಳದ್ದು ಇದು. ಮೇಜಿನ ಮೇಲೆ ಒಂದು ತಲೆಗೂದಲು, ಅದರ ಮೇಲೆ ಒಂದು ಹಾಳೆ. ಕಣ್ಣು ಮುಚ್ಚಿ ಕೂದಲು ಎಲ್ಲಿದೆ ಹೇಳಬೇಕು. ಸಿಕ್ಕರೆ ಇನ್ನೊಂದು ಹಾಳೆ. ಐದು ಹಾಳೆ ದಾಟದವನನ್ನು ಅವರು ಹಲ್ಲು ಮುಟ್ಟಲು ಬಿಡುತ್ತಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಏಳು ಹಾಳೆ ನನ್ನದು. ಅವರು ಬೆನ್ನು ತಟ್ಟಿದ್ದು ಅದೊಂದೇ ಸಲ.

ಇವತ್ತು ಒಂದು ಹಾಳೆ. ಸಿಗಲಿಲ್ಲ.

ಹಾಳೆ ತೆಗೆದೆ. ಬರೀ ಕೂದಲು, ಬರೀ ಮೇಜು. ಕಣ್ಣು ಮುಚ್ಚಿ ಸವರಿದೆ... ಸಿಗಲಿಲ್ಲ. ಕಣ್ಣು ಬಿಟ್ಟರೆ ಕೂದಲು ನನ್ನ ಬೆರಳಿನ ಕೆಳಗೇ ಇದೆ.

ಮೂವತ್ತೇಳು ವರ್ಷ ಅಕ್ರಿಲಿಕ್ ಪುಡಿಗೆ ಲಿಕ್ವಿಡ್ ಸುರಿದು ಬರಿಗೈಯಲ್ಲಿ ನಾದಿದ್ದೇನೆ. ಈ ಲಿಕ್ವಿಡ್ ನರ ಸಾಯಿಸುತ್ತದೆ, ಗ್ಲೌಸ್ ಹಾಕಿಕೊಳ್ಳಿ ಅಂತ ಡಬ್ಬದ ಮೇಲೆ ಬರೆದೇ ಇದೆ. ಗ್ಲೌಸ್ ಹಾಕಿದರೆ ಬೆರಳಿಗೆ ಏನು ಗೊತ್ತಾಗುತ್ತೆ ಅಂತ ನಗುತ್ತಿದ್ದೆ. ಅಜ್ಜಿಯ ಒಸಡಿನ ಚೂಪು ಪ್ಲಾಸ್ಟರಿನದ್ದಲ್ಲ. ಇಷ್ಟು ದಿನ ಕಣ್ಣಿನ ಜೋರಿನಲ್ಲಿ ಕೆಲಸ ತಳ್ಳಿದ್ದೇನೆ, ನನಗೇ ತಿಳಿಯದೆ.

ಇಪ್ಪತ್ತನೆಯದನ್ನು ನೋಡಿದ್ದು ಈ ಬೆರಳೇ.

ಮಾರ್ಚ್ 13, ಬುಧವಾರ, ಬೆಳಗ್ಗೆ 6.30

ಇವಳು ಏಳುವುದರೊಳಗೆ ಹತ್ತಿಯ ಉಂಡೆ ಹಿಡಿದು ಗೋಡೆಯ ಮುಂದೆ ನಿಂತೆ. ಒಂದು, ಎರಡು, ಮೂರು, ನಾಲ್ಕು, ಐದು. ಏನಿಲ್ಲ. ನನಗೆ ನಾನೇ ಬೈದುಕೊಂಡೆ, ಹುಚ್ಚು ಅಂತ.

ಆರನೆಯದರಲ್ಲಿ ಹತ್ತಿ ನಿಂತಿತು.

ಎತ್ತಿದೆ. ಮೂರು ಎಳೆ ತೋಳಿನ ಮೇಲೆ ನೆಟ್ಟಗೆ ನಿಂತಿವೆ. ಕನ್ನಡಕ ಹಾಕಿ, ಟಾರ್ಚ್ ಬಿಟ್ಟು ನೋಡಿದರೂ ಬಿರುಕು ಕಾಣುವುದಿಲ್ಲ. ಹತ್ತಿಗೆ ಮಾತ್ರ ಗೊತ್ತು. ಆರನೆಯದನ್ನು ಹೋದ ಆಗಸ್ಟಿನಲ್ಲಿ ಮತ್ತೆ ಪರೀಕ್ಷೆ ಮಾಡಿ ಹೊಸ ಕೆಂಪು ದಾರ ಕಟ್ಟಿದ್ದೇನೆ. ಐದು ಸಲ ಮೇಲಿಂದ, ಐದು ಸಲ ಕೆಳಗಿಂದ.

ಆಗಸ್ಟಿನಲ್ಲೇ ಸತ್ತಿತ್ತು ಬೆರಳು.

ಮಿಕ್ಕ ಹದಿಮೂರರಲ್ಲಿ ಏನೂ ಇಲ್ಲ. ಅವು ಆಗಸ್ಟಿಗಿಂತ ಹಿಂದೆ ನೋಡಿದವು. ಆಗಸ್ಟಿನ ನಂತರ ಈ ಗೋಡೆಗೆ ಬಂದಿದ್ದು ಒಂದೇ ಬಿಲ್ಲು. ಅದು ತಂಗಿಯ ಮನೆಯಲ್ಲಿದೆ.

ಮಾರ್ಚ್ 14

ಫೋನ್ ಕೈಗೆ ತಗೊಂಡೆ, ಇಟ್ಟೆ. ತಗೊಂಡೆ, ಇಟ್ಟೆ. ಒಂದು ವಾಕ್ಯ ಸಾಕು: ಅದನ್ನು ಎಳೆಯಬೇಡ, ನಾನು ಸರಿಯಾಗಿ ನೋಡಿಲ್ಲ. ಆಮೇಲೆ ಅವಳು ಯಾಕೆ ಅಂತ ಕೇಳುತ್ತಾಳೆ. ಯಾಕೆ ಅಂದರೆ ಬೆರಳು. ಬೆರಳು ಅಂದರೆ ಗುಂಪಿಗೆ ಗೊತ್ತಾಗುತ್ತದೆ, ಡಾಕ್ಟರಿಗೆ ಗೊತ್ತಾಗುತ್ತದೆ. ಬೆರಳಿಲ್ಲದ ಬೆರಳಪ್ಪನಿಗೆ ಲ್ಯಾಬಿನಲ್ಲಿ ಏನು ಕೆಲಸ, ಮೈದಾನದಲ್ಲಿ ಏನು ಕೆಲಸ? ಭಯವಾಗುತ್ತಿದೆ. ಅವಳ ಮುಖಕ್ಕೂ ಹೆದರುತ್ತೇನೆ, ನನ್ನ ಹೆಸರಿಗೂ ಹೆದರುತ್ತೇನೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೇನಲ್ಲ, ಅದಕ್ಕೆ ನಾಚಿಕೆ.

ನಾಳೆ ಏನಾದರೂ ನೆಪ ಹೇಳಿ ಹೋಗಿ ಹತ್ತಿ ಸವರಿ ಬರುವುದು. ಬಿರುಕಿಲ್ಲದಿದ್ದರೆ ಹೇಳುವ ಪ್ರಮೇಯವೇ ಇಲ್ಲ.

ಮಾರ್ಚ್ 15, ಶುಕ್ರವಾರ, ಸಂಜೆ 6

ಹೋದೆ. ಹೆದೆಗೆ ಮೇಣ ಹಚ್ಚಿ ಕೊಡುತ್ತೇನೆ ಅಂದೆ.

“ಕೊಟ್ಟು ಆರು ದಿನ ಆಗಿಲ್ಲ, ಆಗಲೇ ಹೊಟ್ಟೆ ಉರೀತಿದೆಯಾ?” ಅಂದಳು ತಂಗಿ. “ನೋಡ್ಕೋ ಹೋಗು. ವಾಪಸ್ ಮಾತ್ರ ಕೇಳ್ಬೇಡ.”

ಬಿಲ್ಲನ್ನು ಕಪಾಟಿನ ಮೇಲೆ ಎರಡು ದಿಂಬಿನ ನಡುವೆ ಮಲಗಿಸಿದ್ದಾಳೆ, ಹಸುಗೂಸಿನ ಹಾಗೆ. ಅವಳು ಟೀ ಮಾಡಲು ಹೋದಳು. ಜೇಬಿನಿಂದ ಹತ್ತಿ ತೆಗೆದೆ. ಮೇಲಿನ ತೋಳು, ಹೊರಮೈ, ಒಳಮೈ. ಏನೂ ಇಲ್ಲ. ಜೀವ ಬಂತು. ಕೆಳಗಿನ ತೋಳಿಗೆ ಕೈ ಹಾಕುವಷ್ಟರಲ್ಲಿ ಕಪ್ಪಿನ ಸದ್ದು. ಹತ್ತಿ ಜೇಬಿಗೆ.

ಟೀ ಕಪ್ಪನ್ನು ಕೈಗಿತ್ತಾಗ ನನ್ನ ಬೆರಳಿನ ಪಟ್ಟಿಯನ್ನು ನೋಡಿದಳು. “ಏನದು?”

“ಮೇಣ.”

“ಉರೀತಾ?”

“ಉರೀದೇ ಇರುತ್ತಾ?”

ಅವಳು ಪಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಬಿಸ್ಕತ್ತು ತರಲು ಎದ್ದಳು. ಕೂತಲ್ಲೇ ಕೂತಿದ್ದೆ. ಅರ್ಧ ಬಿಲ್ಲು ನೋಡಿ ಮನೆಗೆ ಬಂದೆ. ಮುರಿಯುವುದು ಉಳಿದ ಅರ್ಧವೇ ಆದರೆ?

ಮಾರ್ಚ್ 17, ಭಾನುವಾರ, ಬೆಳಗ್ಗೆ 11

ಮೈದಾನದಿಂದ ಈಗ ಬಂದೆ.

ತಂಗಿ ಹೆದೆ ಏರಿಸಿದಳು. ಪೋಸ್ಟ್‌ಮಾಸ್ಟರ್, ಗಡಿಯಾರ ರಿಪೇರಿಯವರು, ಎಲ್ಲರೂ ಸುತ್ತ ನಿಂತರು. ಬಿಲ್ಲಿನ ಚೆಲುವಿಗೆ ಬೆರಗಾದರು. ಹೆದೆ ಏರಿದಾಗ ತೋಳುಗಳು ಒಳಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಹೊರಕ್ಕೆ ಹೊರಳುವ ಆ ಗೆರೆ... ಬೇರೆ ದಿನವಾಗಿದ್ದರೆ ಊಟ ಬಿಟ್ಟು ನೋಡುತ್ತಿದ್ದೆ. ಇವತ್ತು ನೋಡಿದ್ದು ಅವಳ ಕೆನ್ನೆಯನ್ನು. ಪೂರಾ ಎಳೆದಾಗ ಹೆದೆ ಅವಳ ತುಟಿಯ ಅಂಚಿಗೆ ಬರುತ್ತದೆ. ಕಣ್ಣು ಅಲ್ಲೇ ಮೇಲೆ.

ಒಂದೊಂದು ಬಾಣವನ್ನೂ ಎಣಿಸಿದೆ. ಇಪ್ಪತ್ತೇಳನೆಯ ಬಾಣ ಎಳೆಯುವಾಗ — ಟಿಕ್.

ತುಂಬಾ ಸಣ್ಣದು. ಬೆರಳಿನ ನೆಟಿಗೆಯಷ್ಟೂ ಇಲ್ಲ. ಯಾರೂ ತಿರುಗಿ ನೋಡಲಿಲ್ಲ. ತಂಗಿ ಬಾಣ ಬಿಟ್ಟಳು, ಗುರಿಯ ನಡುವಿನ ಹಳದಿ ವೃತ್ತಕ್ಕೇ ಬಿತ್ತು. ಚಪ್ಪಾಳೆ.

“ಸಾಕು!” ಅಂತ ಕಿರುಚಿದೆ. ಎಲ್ಲರೂ ನನ್ನ ಕಡೆ ನೋಡಿದರು. “ಹೆದೆ ಸರಿಯಿಲ್ಲ, ಹಳೇದು, ಎಳೆ ಬಿಟ್ಟಿದೆ. ಹೊಸದು ಹೊಸೆದು ಕೊಡ್ತೀನಿ” ಅಂದೆ. ನಾನೇ ಹೆದೆ ಇಳಿಸಿ ಸುತ್ತಿ ಜೇಬಿಗೆ ಹಾಕಿಕೊಂಡು ಬಂದೆ. ಹೆದೆಗೆ ಏನೂ ಆಗಿಲ್ಲ. ಈಗ ನನ್ನ ಮುಂದೆ ಮೇಜಿನ ಮೇಲಿದೆ. ತಂಗಿಯ ಹೆದೆ ಕದ್ದ ಅಣ್ಣ ನಾನು.

ಆದರೂ ಹೆದೆಯಿಲ್ಲದ ಬಿಲ್ಲು ಬರೀ ಕೋಲು. ಕೋಲಿನಿಂದ ಯಾರ ಕಣ್ಣೂ ಹೋಗುವುದಿಲ್ಲ.

ಮಾರ್ಚ್ 20

ತಂಗಿ ಫೋನು. “ಹೆದೆ ಆಯ್ತಾ?”

ದಾರ ಸಿಗುತ್ತಿಲ್ಲ ಅಂದೆ.

ಮಾರ್ಚ್ 23

“ಹೆದೆ?”

ಉದ್ದ ಹೆಚ್ಚಾಯಿತು, ಬಿಚ್ಚಿ ಹೊಸೆಯುತ್ತಿದ್ದೇನೆ ಅಂದೆ.

“ಅಣ್ಣ, ನಿಂಗೇನಾದ್ರೂ ಹೇಳೋದಿದೆಯಾ?”

“ಏನಿರುತ್ತೆ?”

ಅವಳು ಫೋನ್ ಇಟ್ಟಳು.

ಮಾರ್ಚ್ 28, ಗುರುವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಏನಿತ್ತು, ಹೇಳಲಿಲ್ಲ ಹೇಳಲಿಲ್ಲ ಅಂತಲೇ? ಭಾನುವಾರ ಮೈದಾನಕ್ಕೆ ಹೋಗಲಿಲ್ಲ. ಹೊಟ್ಟೆನೋವು ಅಂದೆ. ಇವಳು ಗಂಜಿ ಮಾಡಿಕೊಟ್ಟಳು, ಅದನ್ನೂ ಕುಡಿಯಬೇಕಾಯಿತು. ಲ್ಯಾಬಿನಲ್ಲಿ ಈಗ ಪ್ರತಿ ಸೆಟ್ಟಿನ ಒಳಮೈಗೂ ಹತ್ತಿ ಸವರುತ್ತೇನೆ, ಡಾಕ್ಟರ್ ಕಾಣದ ಹಾಗೆ. ಮೂವತ್ತೊಂದು ದಾಟಿದರೆ ಸಾಕು. ಆಮೇಲೆ ಏನಾದರೂ ಹೇಳಿ ಬಿಲ್ಲು ಬದಲಾಯಿಸಿ ಕೊಡಬಹುದು.

ಮಾರ್ಚ್ 30, ಶನಿವಾರ, ಬೆಳಗ್ಗೆ 11.40

ಪೋಸ್ಟ್‌ಮಾಸ್ಟರ್ ದಾರಿಯಲ್ಲಿ ಸಿಕ್ಕರು. ಗದ್ದದ ಗಾಯದ ಗುರುತು ನಗುವಾಗ ಉದ್ದವಾಗುತ್ತದೆ.

“ಏನ್ ಬೆರಳಪ್ಪ, ಒಂದು ಹೆದೆ ಹೊಸೆಯಕ್ಕೆ ಎರಡು ವಾರಾನಾ? ಪಾಪ ನಿನ್ನ ತಂಗಿ ನಾಳೆ ಹೆಂಗೆ ಆಡ್ಬೇಕು? ನನ್ನ ಹತ್ರ ಒಂದು ಅರವತ್ತೆರಡರ ಹೆದೆ ಇತ್ತು. ನಿನ್ನೆ ಕೊಟ್ಟೆ.”

ನಿನ್ನೆ. ಅಂದರೆ ಇವತ್ತು ಬೆಳಗ್ಗೆ ಸ್ಕೂಲು ಮುಗಿಸಿ ಬಂದವಳೇ ಹಿತ್ತಲಲ್ಲಿ...

ಫೋನ್ ಎತ್ತುತ್ತಿಲ್ಲ. ಮೂರು ಸಲ ಮಾಡಿದೆ. ಹೊರಟೆ.

ಮಧ್ಯಾಹ್ನ 1.15, ತಂಗಿಯ ಮನೆ

ಡೈರಿ ಬ್ಯಾಗಿನಲ್ಲೇ ಇತ್ತು. ಅವಳು ಹತ್ತಿ ತರಲು ಒಳಗೆ ಹೋಗಿದ್ದಾಳೆ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬಾಗಿಲು ತೆಗೆದಾಗ ಅವಳ ಮುಖ ನೋಡಿದೆ. ಎರಡು ಕಣ್ಣು. ಎರಡೂ ಇದ್ದವು. ಹೊಸ್ತಿಲಲ್ಲೇ ಕೂತುಬಿಟ್ಟೆ. ಕೂತಲ್ಲೇ ಎಲ್ಲ ಹೇಳಿದೆ, ಚಾಕು, ಕೂದಲು, ಆರನೆಯದು, ಟಿಕ್, ಕದ್ದ ಹೆದೆ. ಉಸಿರು ತೆಗೆಯದೆ ಹೇಳಿದೆ.

ಅವಳು ಬೈಯಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತಳು.

“ಬೆರಳಿನ ವಿಷಯ ನಂಗೊತ್ತು” ಅಂದಳು. “ಎಲ್ರಿಗೂ ಗೊತ್ತು. ಹೋದ ಹಬ್ಬದಲ್ಲಿ ದೀಪ ಹಚ್ಚೋ ಹೊತ್ತಲ್ಲಿ ಬತ್ತಿ ಚಿವುಟ್ತಾ ಕೂತಿದ್ದೆ ನೀನು, ಬೆಂಕಿ ಇದ್ದಾಗ್ಲೇ. ಆಮೇಲೆ ಗಡಿಯಾರದವರ ಬಿಲ್ಲಲ್ಲಿ ನೀನು ದಾರ ಕಟ್ಟಿದ್ಮೇಲೂ ಹತ್ತಿ ಸಿಕ್ಕಾಕ್ಕೊಂಡ್ತು. ಆವತ್ತಿಂದ ನೀನು ಪಾಸ್ ಮಾಡಿದ್ದನ್ನೆಲ್ಲ ಪೋಸ್ಟ್‌ಮಾಸ್ಟರ್ ಮನೇಲಿ ಇನ್ನೊಂದ್ಸಲ ನೋಡ್ತಾರೆ. ಹತ್ತಿ ಹಿಡ್ಕೊಂಡು.”

“ಒಬ್ರೂ ಹೇಳ್ಲಿಲ್ಲ...”

“ನಿಂಗ್ಯಾರು ಹೇಳ್ತಾರೋ? ದಾರ ಕಟ್ಟುವಾಗ ನಿನ್ನ ಮುಖ ನೋಡಿದ್ದೀಯಾ ನೀನು?”

ಅವಮಾನವಾಗಬೇಕಿತ್ತು. ಆಗಿದ್ದು ನಿರಾಳ. ಅಂದರೆ ಇದನ್ನೂ ನೋಡಿರುತ್ತಾರೆ, ಬಿಲ್ಲು ಚೆನ್ನಾಗಿಯೇ ಇದೆ, ಟಿಕ್ ಅನ್ನೋದು ನನ್ನ ಭ್ರಮೆ.

“ಹಾಗಾದ್ರೆ ಇದನ್ನೂ ಹತ್ತೀಲಿ ನೋಡಿದ್ದೀರ” ಅಂದೆ.

ಅವಳು ತಲೆ ಅಲ್ಲಾಡಿಸಿದಳು. ಇಲ್ಲ ಅಂತ.

“ಪೋಸ್ಟ್‌ಮಾಸ್ಟರ್ ಕೇಳಿದ್ರು. ನಾನೇ ಬೇಡ ಅಂದೆ. ಗೋಡೆಯಿಂದ ಮೊದಲ್ನೇ ಸಲ ಇಳಿಸಿ ಕೊಟ್ಟಿದ್ದೀಯ. ನಾನೂ ಹತ್ತಿ ಹಿಡಿದ್ರೆ ನಿನ್ನ ನಂಬೋರು ಯಾರೂ ಇಲ್ಲ ಅಂದಂಗಾಯ್ತಲ್ಲ.” ಕಿವಿ ಮುಟ್ಟಿಕೊಂಡು, “ಟಿಕ್ ಅಂದಿದ್ದು ನಂಗೂ ಕೇಳಿಸ್ತು. ಕಿವಿ ಪಕ್ಕದಲ್ಲೇ. ನೀನು ಸಾಕು ಅಂದಾಗ, ಈಗ ಹೇಳ್ತಾನೆ ಅಂದ್ಕೊಂಡೆ. ಫೋನಲ್ಲಿ ಹೇಳ್ತೀಯ ಅಂದ್ಕೊಂಡೆ. ಹದಿಮೂರು ದಿನ ಕಾದೆ ಕಣೋ.”

“ಇವತ್ತು ಎಳೆದ್ಯಾ?”

“ಹೆದೆ ಏರಿಸಿದೆ. ಎಳೀಲಿಲ್ಲ. ನಂಗೂ ಭಯ ಆಗಲ್ವಾ?”

1.30

ಹೆದೆ ಇಳಿಸಿದ್ದಾಳೆ. ಬಿಲ್ಲು ಅವಳ ತೊಡೆಯ ಮೇಲಿದೆ. ಹತ್ತಿ ಅವಳ ಕೈಯಲ್ಲಿ. ನನಗೆ ನೋಡಲಾಗುತ್ತಿಲ್ಲ, ತಲೆ ತಗ್ಗಿಸಿ ಬರೆಯುತ್ತಿದ್ದೇನೆ.

ಮೇಲಿನ ತೋಳು ಮತ್ತೊಮ್ಮೆ. ಏನಿಲ್ಲ.

ಕೆಳಗಿನದು, ಹೊರಮೈ. ಏನಿಲ್ಲ.

ಒಳಮೈ. ತುದಿಯಿಂದ ಹಿಡಿಯ ಕಡೆಗೆ ಬರುತ್ತಿದ್ದಾಳೆ. ನಿಧಾನ... ಅವಳ ಬಳೆಯ ಸದ್ದು ನಿಂತಿತು.

“ಅಣ್ಣ.”

ಎರಡು ಎಳೆ. ಮಾಡಿದವನ ಶಾಯಿಯ ಪಕ್ಕದಲ್ಲೇ, ಆ ಏಳರ ಉದ್ದ ಕಾಲಿನ ಗುಂಟ. ಶಾಯಿಯ ಗೆರೆಯ ಜೊತೆ ಬಿರುಕಿನ ಗೆರೆ ಸೇರಿ ಕಾಣದೇ ಹೋಗಿತ್ತು. ಇದನ್ನು ಇಪ್ಪತ್ತೇಳು ಸಲ ಎಳೆದಿದ್ದಾಳೆ, ಕೆನ್ನೆಗೆ ಒತ್ತಿಕೊಂಡು. ನಾಳೆ ಇನ್ನು ಅರವತ್ತು ಸಲ ಎಳೆಯಬೇಕಿತ್ತು. ಅರ್ಧ ಗಂಟೆ ಆ ಅಂಕಿಯನ್ನೇ ನೋಡುತ್ತಾ ಕೂತಿದ್ದವನು ನಾನು.

ಅವಳು ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಮುಖ ಮುಚ್ಚಿಕೊಂಡಿದ್ದಾಳೆ. ಭುಜ ಅಲ್ಲಾಡುತ್ತಿದೆ.

1.50

ಮುಖ ತೊಳೆದು ಬಂದಳು. ಬಿಲ್ಲನ್ನು ನನ್ನ ತೊಡೆಯ ಮೇಲಿಟ್ಟು, “ಗೋಡೆಗೆ ಹಾಕ್ಕೋ. ಚೆಂದ ಎಲ್ಲೂ ಹೋಗಲ್ಲ” ಅಂದಳು. “ದಾರ ಮಾತ್ರ ಬಿಚ್ಚಿಬಿಡು. ನೀನೇ ಬಿಚ್ಚು.”

ಬಿಚ್ಚಲು ಕೂತೆ. ಗಂಟು ಬೆರಳಿಗೆ ಸಿಗುತ್ತಿಲ್ಲ. ಕಣ್ಣಿಗೆ ಕಾಣುತ್ತಿದೆ, ಕೆಂಪಗೆ, ಸಾಸಿವೆಯಷ್ಟು. ಹಿಡಿದಿದ್ದೇನೆ ಅಂದುಕೊಳ್ಳುತ್ತೇನೆ, ಹಿಡಿದೇ ಇರುವುದಿಲ್ಲ. ಅವಳು ಎರಡು ನಿಮಿಷ ನೋಡಿದಳು. ಕತ್ತರಿ ತರಲು ಎದ್ದು ಹೋದಳು.

ಒಳಗೆ ಡ್ರಾಯರ್ ಎಳೆದ ಸದ್ದು. ಅವಳು ಬರುವುದರೊಳಗೆ ಹಲ್ಲಿನಲ್ಲಾದರೂ ಗಂಟು ಬಿಚ್ಚಬೇಕು.